ತುಮಕೂರಿನಲ್ಲಿ ಗಸ್ತು ನಿಮ್ಮ ಬೀದಿಯ ಕೊನೆವರೆಗೂ ಬರಬೇಕೆಂದರೆ

ತುಮಕೂರಿಗೆ ಪೊಲೀಸ್ ಕಮಿಷನರ್ ಇಲ್ಲ. ನಗರವೂ ಜಿಲ್ಲಾ ಎಸ್ಪಿ ಅವರ ವ್ಯಾಪ್ತಿಗೇ ಬರುತ್ತದೆ. ಅವರ ಕೆಳಗೆ ನಗರ ಉಪವಿಭಾಗದ ಡಿವೈಎಸ್ಪಿ, ಆಮೇಲೆ ನಗರ, ಹೊಸ ಬಡಾವಣೆ, ತಿಲಕ್ ಪಾರ್ಕ್, ಜಯನಗರ, ಕ್ಯಾತ್ಸಂದ್ರದಂಥ ಠಾಣೆಗಳು. ಠಾಣೆಯಲ್ಲಿ ಗಸ್ತಿಗೆಂದೇ ಬೇರೆ ಪಡೆ ಇರುವುದಿಲ್ಲ. ಸಮನ್ಸ್ ಜಾರಿ ಮಾಡುವ, ಕೋರ್ಟ್ ಡ್ಯೂಟಿಗೆ ಹೋಗುವ, ಪಾಸ್‌ಪೋರ್ಟ್ ಪರಿಶೀಲನೆಗೆ ಮನೆಗೆ ಬರುವ ಸಿಬ್ಬಂದಿಯೇ ರಾತ್ರಿ ಬೀಟಿಗೂ (ಗಸ್ತಿಗೆಂದು ಹಂಚಿಕೊಟ್ಟ ಪ್ರದೇಶ) ಹೋಗಬೇಕು. ಶಿವರಾತ್ರಿಯ ಸಿದ್ಧಗಂಗಾ ಜಾತ್ರೆ, ಗಣೇಶ ವಿಸರ್ಜನೆ ಬಂದಾಗ ಬಂದೋಬಸ್ತಿಗೆ ಜನ ಎಳೆದುಕೊಂಡು ಬೀಟ್ ತೆಳ್ಳಗಾಗುವುದು ಇದಕ್ಕೇ. ಆ ದಿನಗಳಲ್ಲಿ ಬೀದಿಯವರೇ ಪಾಳಿ ಹಾಕಿಕೊಳ್ಳುವುದು ವಾಸಿ.

ಮೊದಲು ನಿಮ್ಮ ಸರಹದ್ದು ಯಾವ ಠಾಣೆಗೆ ಸೇರುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಹತ್ತಿರದ ಠಾಣೆಯೇ ನಿಮ್ಮದಾಗಿರಬೇಕಿಲ್ಲ. ರಸ್ತೆಯ ಈಚೆ ಬದಿ ಒಂದಕ್ಕೆ, ಆಚೆ ಬದಿ ಇನ್ನೊಂದಕ್ಕೆ ಸೇರಿರುವುದುಂಟು. ರಾಜ್ಯದಲ್ಲಿ 2017ರಲ್ಲಿ ಬಂದ ಸುಧಾರಿತ ಗಸ್ತು ವ್ಯವಸ್ಥೆಯಂತೆ ಪ್ರತಿ ಬೀಟಿಗೂ ಗೊತ್ತುಪಡಿಸಿದ ಸಿಬ್ಬಂದಿ ಇರುತ್ತಾರೆ. ಠಾಣೆಗೆ ಹೋಗಿ ಬೀಟ್ ನಂಬರ್, ಬೀಟ್ ಸಿಬ್ಬಂದಿಯ ಹೆಸರು, ಫೋನ್ ನಂಬರ್, ಅವರ ಮೇಲಿನ ಎಎಸ್‌ಐ ಯಾರು ಎಂದು ಕೇಳಿ ಬರೆದುಕೊಳ್ಳಿ. ವರ್ಗಾವಣೆ ಆದಾಗಲೆಲ್ಲ ಮತ್ತೆ ಕೇಳಬೇಕು. ಹಳೆಯ ನಂಬರಿಗೆ ಫೋನ್ ಮಾಡಿದರೆ, ಅವರು ಆಗಲೇ ಬೇರೆ ತಾಲ್ಲೂಕಿನಲ್ಲಿರುವುದು ಮಾಮೂಲು.

ಇನ್ನು ಪಾಯಿಂಟ್. ಇಡೀ ವ್ಯವಸ್ಥೆಯ ಕೀಲಿ ಇದೇ. ರಾತ್ರಿ ಹಾಜರಾತಿಯಲ್ಲಿ ಯಾರಿಗೆ ಯಾವ ಬೀಟ್ ಎಂದು ಹಂಚುತ್ತಾರೆ. ಪ್ರತಿ ಬೀಟಿನಲ್ಲೂ ಪಾಯಿಂಟ್‌ಗಳಿದ್ದು, ಅಲ್ಲಿನ ಪುಸ್ತಕಕ್ಕೆ ಸಮಯ ಬರೆದು ಸಹಿ ಹಾಕಬೇಕು ಅಥವಾ ಮೊಬೈಲಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಬೇಕು. ರೌಂಡ್ಸ್ ಅಧಿಕಾರಿ ನೋಡುವುದೂ ಅದನ್ನೇ. ಪಾಯಿಂಟ್ ಮುಖ್ಯರಸ್ತೆಯ ಎಟಿಎಂ ಬಳಿ ಇದ್ದರೆ ಬೈಕು ಅಲ್ಲಿಂದಲೇ ತಿರುಗುತ್ತದೆ, ಒಳಗಿನ ಅಡ್ಡರಸ್ತೆಗಳಿಗೆ ಬರಲು ಕಾರಣವೇ ಇರುವುದಿಲ್ಲ.

ಹಾಗಾಗಿ ‘ಗಸ್ತು ಹೆಚ್ಚಿಸಿ’ ಎಂದು ಮನವಿ ಕೊಟ್ಟರೆ ಅದು ಫೈಲಿಗೆ ಸೇರುತ್ತದೆ, ಅಷ್ಟೆ. ‘3ನೇ ಅಡ್ಡರಸ್ತೆಯ ಕೊನೆಯ ಟ್ರಾನ್ಸ್‌ಫಾರ್ಮರ್ ಹತ್ತಿರ ಒಂದು ಪಾಯಿಂಟ್ ಕೊಡಿ’ ಎಂದು ಬರೆಯಿರಿ. ಇನ್‌ಸ್ಪೆಕ್ಟರ್‌ಗೆ ಒಂದೇ ಪುಟದ ಅರ್ಜಿ, ಡಿವೈಎಸ್ಪಿಗೆ ಪ್ರತಿ. ಜೊತೆಗೆ ಕೈಯಲ್ಲಿ ಬರೆದ ನಕ್ಷೆ: ಉರಿಯದ ಬೀದಿದೀಪದ ಕಂಬಗಳು, ಪೊದೆ ಬೆಳೆದ ಖಾಲಿ ಸೈಟು, ಒಳಗೆ ನುಗ್ಗಿ ಹೊರಗೆ ಹಾಯುವ ಕಾಲುದಾರಿ, ಅಪರಿಚಿತ ಬೈಕು ಕಂಡ ದಿನಾಂಕ ಮತ್ತು ಗಂಟೆ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ. ಪುಸ್ತಕದ ಪೆಟ್ಟಿಗೆಗೆ ಗೋಡೆ ಕೊಡುವವರು ಗೇಟಿನ ಹೊರಗೆ, ಮಳೆ ಬೀಳದ, ದೀಪ ಇರುವ ಕಡೆ ಕೊಡಿ. ಒಳಗಿಟ್ಟರೆ ನಾಯಿ ಬೊಗಳಿದ ಮೊದಲ ರಾತ್ರಿಗೇ ಸಹಿ ನಿಲ್ಲುತ್ತದೆ. ಕ್ಯೂಆರ್ ಚೀಟಿ ಬಿಸಿಲಿಗೆ ಮಾಸುವುದರಿಂದ ನೆರಳಿನ ಬದಿ ನೋಡಿ.

ರಾತ್ರಿ ಗಸ್ತು ಸಾಮಾನ್ಯವಾಗಿ ಬೆಳಗಿನ 5ರ ಹೊತ್ತಿಗೆ ಮುಗಿಯುತ್ತದೆ. ಹಗಲು ಬೀಟ್ ಶುರುವಾಗುವುದು ಹಾಜರಾತಿ ಆದ ಮೇಲೆ. ಸರಗಳ್ಳರಿಗೆ ಅನುಕೂಲವಾಗುವುದು ಈ ಸಂದಿಯೇ, ವಾಕಿಂಗ್ ಹೋಗುವವರು ಹೊರಬರುವುದೂ ಆಗಲೇ. ಅರ್ಜಿಯಲ್ಲಿ ಈ ವೇಳೆಯನ್ನು ಬೇರೆಯಾಗಿ ನಮೂದಿಸಿ.

ಮನೆ ಬೀಗ ಹಾಕಿ ಊರಿಗೆ ಹೋಗುವಾಗ ಬೀಟ್ ಸಿಬ್ಬಂದಿಗೆ ಮನೆ ನಂಬರ್, ಹೋಗುವ ಮತ್ತು ಬರುವ ದಿನ, ಇನ್ನೊಂದು ಕೀ ಯಾರ ಹತ್ತಿರ ಇದೆ, ಯಾವ ಲೈಟು ಹಾಕಿಟ್ಟಿದ್ದೀರಿ ಎಂಬುದನ್ನು ಮೆಸೇಜ್ ಮಾಡಿ. ಬರೀ ‘ಊರಿಗೆ ಹೋಗ್ತಿದ್ದೀವಿ, ನೋಡ್ಕೊಳ್ಳಿ ಸಾರ್’ ಎಂದರೆ ಒಳಗೆ ಲೈಟು ಕಂಡಾಗ ಅವರಿಗೇನು ತಿಳಿಯಬೇಕು? ಹಾಲು, ಪೇಪರ್ ನಿಲ್ಲಿಸಿ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆಯಲು ಪಕ್ಕದ ಮನೆಯವರಿಗೆ ಹೇಳಿ. ನಾಲ್ಕು ದಿನ ರಂಗೋಲಿ ಇಲ್ಲದ ಹೊಸ್ತಿಲು ಕಳ್ಳನಿಗೆ ಬೀಗಕ್ಕಿಂತ ಮೊದಲು ಕಾಣುತ್ತದೆ.

ತುರ್ತಿಗೆ 112. ಆ ಕರೆ ಮೊದಲು ಹೋಗುವುದು ಬೆಂಗಳೂರಿನ ಕೇಂದ್ರಕ್ಕೆ, ಅಲ್ಲಿಂದ ಇಲ್ಲಿನ ಗಸ್ತು ವಾಹನಕ್ಕೆ. ಆದ್ದರಿಂದ ‘ಎಸ್.ಎಸ್. ಪುರಂ ಎರಡನೇ ಕ್ರಾಸ್’ ಎನ್ನುವ ಮೊದಲು ‘ತುಮಕೂರು ನಗರ’ ಎನ್ನಿ. ಎರಡನೇ ಕ್ರಾಸ್ ಎಲ್ಲ ಬಡಾವಣೆಯಲ್ಲೂ ಇದೆ, ದೇವಸ್ಥಾನವೋ ಶಾಲೆಯೋ ಒಂದು ಗುರುತು ಸೇರಿಸಿ. ಆಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಿ. ವಾಹನದವರು ದಾರಿ ಕೇಳುತ್ತಿರಬಹುದು.

112ಕ್ಕೆ ಹೇಳಿದ ಮಾತ್ರಕ್ಕೆ ದೂರು ಕೊಟ್ಟಂತಾಗಲಿಲ್ಲ. ವಾಹನದವರು ಸ್ಥಳಕ್ಕೆ ಬಂದು ಗಲಾಟೆ ಬಿಡಿಸಿ ಠಾಣೆಗೆ ತಿಳಿಸುತ್ತಾರೆ, ತನಿಖೆ ಮಾಡುವುದಿಲ್ಲ. ಕಳವಾಗಿದ್ದರೆ ನೀವೇ ಠಾಣೆಗೆ ಬೇರೆಯಾಗಿ ದೂರು ಕೊಡಬೇಕು. ‘ನಮ್ಮ ಸರಹದ್ದಲ್ಲ’ ಎಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ನೆನಪಿಸಿ: ಸಂಜ್ಞೇಯ ಅಪರಾಧದ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ ಅಪರಾಧ) ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತ. ದಾಖಲಿಸದಿದ್ದರೆ ಅದೇ ಕಲಂ ಪ್ರಕಾರ ದೂರಿನ ಸಾರಾಂಶವನ್ನು ಎಸ್ಪಿಗೆ ಅಂಚೆಯಲ್ಲಿ ಕಳಿಸಬಹುದು. ಹೋಗುವಾಗ ಒಡವೆ ರಸೀತಿ ಅಥವಾ ಅದನ್ನು ಹಾಕಿಕೊಂಡಿರುವ ಫೋಟೊ, ಬೈಕಿನ ಆರ್‌ಸಿ, ಮೊಬೈಲಿನ ಐಎಂಇಐ ನಂಬರ್ ಕೈಯಲ್ಲಿರಲಿ. ಮಾಲು ಸಿಕ್ಕಾಗ ಅದು ನಿಮ್ಮದೆಂದು ತೋರಿಸಲು ಕೋರ್ಟಿನಲ್ಲೂ ಇವೇ ಬೇಕಾಗುತ್ತವೆ.