ಬಿಲ್ಲಿಂಗ್ ಒಂದು ಕಡೆ, ಟ್ಯಾಲಿ ಇನ್ನೊಂದು ಕಡೆ: ಎರಡನ್ನೂ ಜೋಡಿಸುವುದು ಹೇಗೆ?

ಆರ್ಡರ್ ಬರುವುದು ಒಂದು ಬಿಲ್ಲಿಂಗ್ ಸಾಫ್ಟ್‌ವೇರ್‌ಗೆ, ಲೆಕ್ಕ ಇರುವುದು ಟ್ಯಾಲಿ ಎಂಬ ಲೆಕ್ಕಪತ್ರದ ಸಾಫ್ಟ್‌ವೇರ್‌ನಲ್ಲಿ. ನಡುವೆ ಯಾರೋ ಒಬ್ಬರು ಸಂಜೆ ಕುಳಿತು ಅದೇ ಬಿಲ್‌ಗಳನ್ನು ಮತ್ತೆ ಟೈಪ್ ಮಾಡುತ್ತಿರುತ್ತಾರೆ. ಇದನ್ನು ತಪ್ಪಿಸಲು ಇಡೀ ವ್ಯವಹಾರವನ್ನು ಒಂದೇ ಕಡೆ ನೋಡಿಕೊಳ್ಳುವ ದುಬಾರಿ ಇಆರ್‌ಪಿ ಸಾಫ್ಟ್‌ವೇರೇ ಬೇಕೆಂದಿಲ್ಲ. ಹೊರಗಿನ ಸಾಫ್ಟ್‌ವೇರ್ ಕಳಿಸಿದ ವೋಚರ್‌ಗಳನ್ನು (ಒಂದೊಂದು ವ್ಯವಹಾರದ ಲೆಕ್ಕದ ನಮೂದು) ಟ್ಯಾಲಿಯ ಈಗಿನ ಆವೃತ್ತಿಯಾದ ಟ್ಯಾಲಿಪ್ರೈಮ್ ಎಕ್ಸ್‌ಎಂಎಲ್ ಎಂಬ ಪಠ್ಯ ರೂಪದಲ್ಲಿ ತಾನೇ ಸ್ವೀಕರಿಸುತ್ತದೆ. ಕೋಡ್ ಬರೆಯುವುದು ಇದರಲ್ಲಿ ಚಿಕ್ಕ ಕೆಲಸ. ಬೆವರಿಳಿಸುವುದು ಹೆಸರುಗಳ ಹೊಂದಾಣಿಕೆ.

ಯಾವ ಮಾಹಿತಿಯನ್ನು ಎಲ್ಲಿ ತಿದ್ದಬೇಕೆಂದು ಮೊದಲೇ ಕಾಗದದ ಮೇಲೆ ಬರೆದುಕೊಳ್ಳಿ. ಗ್ರಾಹಕರ ವಿಳಾಸ, ಬೆಲೆ ಬಿಲ್ಲಿಂಗ್‌ನಲ್ಲಿ; ಲೆಡ್ಜರ್ (ಖಾತೆ) ಗುಂಪುಗಳು ಟ್ಯಾಲಿಯಲ್ಲಿ. ಎರಡೂ ಕಡೆ ತಿದ್ದಲು ಬಿಟ್ಟರೆ ಒಂದರ ತಿದ್ದುಪಡಿಯನ್ನು ಇನ್ನೊಂದು ಅಳಿಸುತ್ತದೆ. ಆರಂಭದಲ್ಲಿ ಮಾಹಿತಿ ಬಿಲ್ಲಿಂಗ್‌ನಿಂದ ಟ್ಯಾಲಿಗೆ ಮಾತ್ರ ಹೋಗಲಿ.

ಇನ್ನು ಹೊಂದಾಣಿಕೆ ಪಟ್ಟಿ. ಬಿಲ್ಲಿಂಗ್‌ನ ಗ್ರಾಹಕ ಸಂಕೇತ, ಟ್ಯಾಲಿಯ ಲೆಡ್ಜರ್ ಹೆಸರು, ಜಿಎಸ್‌ಟಿ ಸಂಖ್ಯೆ ಇವಿಷ್ಟು ಕಾಲಂ ಸಾಕು. ‘ಗಣೇಶ ಟ್ರೇಡರ್ಸ್’ ಮತ್ತು ‘ಗಣೇಶ್ ಟ್ರೇಡರ್ಸ್’ ನಮಗೆ ಒಂದೇ, ಟ್ಯಾಲಿಗೆ ಇಬ್ಬರು. ಜಿಎಸ್‌ಟಿ ಸಂಖ್ಯೆಯ 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕದ್ದು 29. ಇದು ತಪ್ಪಿದರೆ ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬೀಳಬೇಕಾದಲ್ಲಿ ಅಂತರರಾಜ್ಯ ಮಾರಾಟದ ಐಜಿಎಸ್‌ಟಿ ಬೀಳುತ್ತದೆ. ನೋಂದಣಿಯಿಲ್ಲದ ಚಿಲ್ಲರೆ ಗ್ರಾಹಕರಿಗೆಲ್ಲ ಒಂದೇ ಲೆಡ್ಜರ್ ಇಡಿ. ಪಟ್ಟಿಯಲ್ಲಿಲ್ಲದ ಹೆಸರು ಬಂದರೆ ಬಿಲ್ ಪಕ್ಕಕ್ಕೆ ನಿಲ್ಲಲಿ. ಹೊಸ ಲೆಡ್ಜರ್ ತಾನಾಗಿ ಹುಟ್ಟಲು ಬಿಟ್ಟರೆ ಒಂದೇ ಪಾರ್ಟಿಯ ಬಾಕಿ ನಾಲ್ಕು ಕಡೆ ಚದುರುತ್ತದೆ.

ಈಗ ಟ್ಯಾಲಿಪ್ರೈಮ್‌ನಲ್ಲಿ ಎಫ್1 ಒತ್ತಿ, ಸೆಟ್ಟಿಂಗ್ಸ್, ಕನೆಕ್ಟಿವಿಟಿಗೆ ಹೋಗಿ ‘ಬೋತ್’ (ಕ್ಲೈಂಟ್, ಸರ್ವರ್ ಎರಡೂ) ಆಯ್ಕೆ ಮಾಡಿ. ಪೋರ್ಟ್, ಅಂದರೆ ಹೊರಗಿನ ಸಾಫ್ಟ್‌ವೇರ್ ಟ್ಯಾಲಿಯನ್ನು ತಲುಪುವ ಬಾಗಿಲಿನ ಸಂಖ್ಯೆ, ಸಾಮಾನ್ಯವಾಗಿ 9000. ಅದೇ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ ವಿಳಾಸಕ್ಕೆ ಈ ಪೋರ್ಟ್ ಸಂಖ್ಯೆ ಸೇರಿಸಿ (localhost:9000) ತೆರೆದರೆ ಸರ್ವರ್ ಚಾಲೂ ಇದೆ ಎಂಬ ಉತ್ತರ ಬರಬೇಕು. ಟ್ಯಾಲಿಯೂ ಸಂಬಂಧಪಟ್ಟ ಕಂಪನಿಯೂ ತೆರೆದಿದ್ದರೆ ಮಾತ್ರ ವೋಚರ್ ಒಳಗೆ ಹೋಗುತ್ತದೆ. ಈ ಪೋರ್ಟ್‌ಗೆ ಪಾಸ್‌ವರ್ಡ್ ರಕ್ಷಣೆ ಇಲ್ಲವಾದ್ದರಿಂದ ಇಂಟರ್‌ನೆಟ್‌ಗೆ ಖಂಡಿತ ತೆರೆಯಬೇಡಿ.

ವೋಚರ್‌ನಲ್ಲಿ ಹೆಚ್ಚು ಎಡವುವುದು ಚಿಹ್ನೆ ಮತ್ತು ಪೈಸೆಯಲ್ಲಿ. ಡೆಬಿಟ್ ಮೊತ್ತಕ್ಕೆ ಋಣ ಚಿಹ್ನೆ, ಕ್ರೆಡಿಟ್‌ಗೆ ಧನ. ಎಲ್ಲ ಸಾಲು ಕೂಡಿಸಿದರೆ ಸೊನ್ನೆ ಬರಬೇಕು. 999.95 ರೂಪಾಯಿಗೆ 18% ತೆರಿಗೆ ಎಂದುಕೊಳ್ಳಿ. ಸಿಜಿಎಸ್‌ಟಿ 90.00, ಎಸ್‌ಜಿಎಸ್‌ಟಿ 90.00, ಒಟ್ಟು 1179.95. ಬಿಲ್ ಮಾತ್ರ 1180. ಉಳಿದ 5 ಪೈಸೆಗೆ ರೌಂಡ್ ಆಫ್ ಲೆಡ್ಜರ್ ಸಾಲು ಇಲ್ಲದಿದ್ದರೆ ವೋಚರ್ ತಾಳೆಯಾಗುವುದಿಲ್ಲ. ದಿನಾಂಕವನ್ನು ವರ್ಷ, ತಿಂಗಳು, ದಿನದ ಕ್ರಮದಲ್ಲಿ 20250607 ಎಂಬಂತೆ ಕೊಡಿ. ಪರೀಕ್ಷೆಯನ್ನು ಕಂಪನಿ ಡೇಟಾದ ನಕಲಿನ ಮೇಲೇ ಮಾಡಿ. ಟ್ಯಾಲಿಯ ಪರವಾನಗಿಯಿಲ್ಲದ ಎಜುಕೇಷನ್ ಮೋಡ್‌ನಲ್ಲಿ ಎಲ್ಲ ದಿನಾಂಕಗಳೂ ನಡೆಯುವುದಿಲ್ಲ. ಇದು ಗೊತ್ತಿಲ್ಲದೆ ಕೋಡನ್ನೇ ಶಪಿಸುವವರುಂಟು.

ಮುಂದಿನ ತಲೆನೋವು ಒಂದೇ ಬಿಲ್‌ಗೆ ಎರಡು ವೋಚರ್. ಟ್ಯಾಲಿ ಬಿಲ್ ಬರೆದುಕೊಂಡಿರುತ್ತದೆ, ಉತ್ತರ ತಲುಪುವ ಮೊದಲೇ ನೆಟ್‌ವರ್ಕ್ ಕಡಿಯುತ್ತದೆ, ಬಿಲ್ಲಿಂಗ್ ಮತ್ತೆ ಕಳಿಸುತ್ತದೆ, ಮಾರಾಟ ಎರಡಾಗುತ್ತದೆ. ಪ್ರತಿ ಬಿಲ್‌ಗೂ ಬದಲಾಗದ ರಿಮೋಟ್ ಐಡಿ (ಹೊರಗಿನಿಂದ ಬಂದ ವೋಚರ್‌ನ ಗುರುತು) ಕೊಡಿ. ಅದೇ ಐಡಿ ಮತ್ತೆ ಬಂದಾಗ ಹೊಸ ವೋಚರ್ ಆಗುತ್ತಿಲ್ಲವೆಂದು ನಕಲಿನಲ್ಲಿ ಖಚಿತಪಡಿಸಿಕೊಳ್ಳಿ. ನಿಮ್ಮ ಕಡೆಯೂ ‘ಕಳಿಸಿದೆ’, ‘ದಾಖಲಾಯಿತು’, ‘ತಪ್ಪಾಯಿತು’ ಎಂಬ ಸ್ಥಿತಿ ಇಟ್ಟುಕೊಳ್ಳಿ. ಎಚ್‌ಟಿಟಿಪಿ ಉತ್ತರ 200 (ಕೋರಿಕೆ ತಲುಪಿತು) ಎಂದಿದ್ದರೂ ವೋಚರ್ ತಿರಸ್ಕೃತವಾಗಿರಬಹುದು. ಉತ್ತರದೊಳಗಿನ ‘ಕ್ರಿಯೇಟೆಡ್’, ‘ಎರರ್ಸ್’ ಎಣಿಕೆಯನ್ನು ಓದಲೇಬೇಕು. ಆಮೇಲೆ ಅಳಿಸಿದರಾಯಿತು ಎನ್ನುವಂತಿಲ್ಲ: 2023ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯಡಿಯ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ಜಾಡೂ ಉಳಿಯಬೇಕು.

ದಿನಕ್ಕೊಮ್ಮೆ ಎರಡೂ ಕಡೆಯ ಬಿಲ್ ಎಣಿಕೆ, ತೆರಿಗೆಪೂರ್ವ ಮೊತ್ತ, ತೆರಿಗೆ ಮೊತ್ತ ತಾಳೆ ನೋಡಿ. ವ್ಯತ್ಯಾಸ ಕಂಡರೆ ರದ್ದಾದ ಬಿಲ್ ಮತ್ತು ಕ್ರೆಡಿಟ್ ನೋಟ್‌ಗಳನ್ನು ಮೊದಲು ಹುಡುಕಿ; ಜೋಡಿಸುವಾಗ ಎಲ್ಲರೂ ಮರೆಯುವುದು ಇವನ್ನೇ. ಮೊದಲ ತಿಂಗಳು ನಕಲಿನಲ್ಲಿ ಓಡಿಸಿ, ಅಸಲಿನಲ್ಲಿ ಕೈಯಿಂದಲೇ ನಮೂದಿಸಿ. ತಿಂಗಳ ರಿಟರ್ನ್ ಸಲ್ಲಿಸುವವರಾದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರ ಗಡುವಾದ ಮುಂದಿನ ತಿಂಗಳ 11ನೇ ತಾರೀಖಿಗೆ ಮುನ್ನ ಎರಡನ್ನೂ ಹೋಲಿಸಿ. ತಾಳೆಯಾದರೆ ಕೈ ನಮೂದನ್ನು ನಿಲ್ಲಿಸಿ, ಜೋಡಣೆಯನ್ನು ಅಸಲಿ ಕಂಪನಿಗೆ ತಿರುಗಿಸಿ. ಏಪ್ರಿಲ್ 1ಕ್ಕೆ ಬಿಲ್ ಸರಣಿ ಮತ್ತೆ 1ರಿಂದ ಶುರುವಾಗುವುದಾದರೆ ಆರ್ಥಿಕ ವರ್ಷವನ್ನು ಸಂಖ್ಯೆಯಲ್ಲೂ ರಿಮೋಟ್ ಐಡಿಯಲ್ಲೂ ಸೇರಿಸಿ. ಬಿಲ್ ಸಂಖ್ಯೆ 16 ಅಕ್ಷರ ಮೀರಬಾರದು.