ಮೊದಲು ವಿಡಿಯೋದ ಸದ್ದು ನಿಲ್ಲಿಸಿ, ಆಮೇಲೆ ಬರೆಸಿ

'ಕಡಲೆಕಾಯಿ ಪರಿಷೆ' ಅಂತ ಬೋರ್ಡಿನ ಮೇಲೆ ಬರೆದು ಪ್ರಬಂಧ ಕೇಳಿದರೆ, ಒಂಬತ್ತನೇ ಕ್ಲಾಸಿನ ಮಕ್ಕಳೆಲ್ಲ ಗೈಡಿನ ಅದೇ ನಾಲ್ಕು ಸಾಲು ಬರೆಯುತ್ತಾರೆ. ಅವರ ಹತ್ತಿರ ಮಾತಿಲ್ಲ ಅಂತಲ್ಲ. ಕಣ್ಣೆದುರು ಏನೂ ಇಲ್ಲ, ಅಷ್ಟೇ.

ಕಾರ್ತಿಕದ ಕೊನೆಯ ಸೋಮವಾರ, ಈ ಪರಿಷೆ ನಡೆಯುವ ಬೆಂಗಳೂರಿನ ಬಸವನಗುಡಿಗೆ ಹೋಗಿ, ದೊಡ್ಡ ಬಸವಣ್ಣನ ಗುಡಿ ರಸ್ತೆಯಲ್ಲಿ ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೋ ಮಾಡಿಕೊಳ್ಳಿ. ಎರಡೇ ನಿಮಿಷ ಸಾಕು. ಉದ್ದದ ಸಾಕ್ಷ್ಯಚಿತ್ರ ಹಾಕಿದರೆ 40 ನಿಮಿಷದ ಪೀರಿಯಡ್ ನೋಡುವುದರಲ್ಲೇ ಮುಗಿದುಹೋಗುತ್ತದೆ.

ಮೊದಲ ಸಲ ಮ್ಯೂಟ್ ಮಾಡಿ ತೋರಿಸಿ. ಬರೀ ಕ್ರಿಯಾಪದ ಬರೆದುಕೊಳ್ಳಲಿ: ಅಳೆಯುತ್ತಾನೆ, ಸುರಿಯುತ್ತಾನೆ, ಸುಲಿಯುತ್ತಾಳೆ, ನೂಕುತ್ತಾರೆ. 'ಸುಂದರ', 'ಅದ್ಭುತ' ಆ ದಿನ ಬೇಡವೇ ಬೇಡ. ವಿವರಣೆ ಹೇಳುವ ದನಿ ಇಲ್ಲದಿದ್ದಾಗ ಮಕ್ಕಳೇ ಮಾತು ಹುಡುಕಬೇಕಾಗುತ್ತದೆ, ಇಡೀ ಪಾಠದಲ್ಲಿ ನನಗೆ ತುಂಬಾ ಇಷ್ಟವಾದ ಗಳಿಗೆ ಇದು.

ಎರಡನೇ ಸಲ ಪರದೆ ಮುಚ್ಚಿ, ಸದ್ದು ಮಾತ್ರ ಕೇಳಿಸಿ. ಪೀಪಿ, ಗಂಟೆ, ಚೌಕಾಸಿ. ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕೆಂದರೆ ನಮ್ಮ ಬೆಂಗಳೂರಿನ ಮಕ್ಕಳು ಹೆಚ್ಚು ಎಡವುವುದು ಆಡುಮಾತು ಮತ್ತು ಬರವಣಿಗೆಯ ನಡುವೆಯೇ. "ಸೇರು ಎಷ್ಟಣ್ಣಾ? ಜಾಸ್ತಿ ಆಯ್ತು, ಕಮ್ಮಿ ಮಾಡ್ಕೊಳ್ಳಿ" ಅನ್ನುವುದನ್ನು ಉದ್ಧರಣ ಚಿಹ್ನೆಯೊಳಗೆ ಹಾಗೇ ಬರೆಯಲಿ, ಹೊರಗಿನ ವಾಕ್ಯ ಮಾತ್ರ 'ಎಂದು ಆಕೆ ಕೇಳಿದಳು' ಅಂತಿರಲಿ. ಎರಡೂ ಕನ್ನಡವೇ, ಜಾಗ ಮಾತ್ರ ಬೇರೆ ಅಂತ ಗೊತ್ತಾದ ಮೇಲೆ ಮಕ್ಕಳಿಗೆ ಪೆನ್ನು ಹಿಡಿಯುವ ಭಯ ಕಮ್ಮಿಯಾಗುತ್ತದೆ.

ಈಗ ಹದಿನೈದು ನಿಮಿಷ ಬರೆಯಲಿ. ಬರೆದಾದ ಮೇಲೆ ಸದ್ದು, ಚಿತ್ರ ಎರಡೂ ಸೇರಿಸಿ ತೋರಿಸಿ. ಬಿಟ್ಟುಹೋದದ್ದನ್ನು ಅವರೇ ಕಂಡುಹಿಡಿದು ಸೇರಿಸುತ್ತಾರೆ. ಕೆಂಪು ಪೆನ್ನು ಆಮೇಲೆ ತೆಗೆದರಾಯಿತು.

ತಿದ್ದುವುದಕ್ಕೂ ಮೊಬೈಲೇ ಸಾಕು. ಮಗು ತಾನು ಬರೆದದ್ದನ್ನು ಓದಲಿ, ರೆಕಾರ್ಡ್ ಮಾಡಿ. 'ಹಾಲು' ಬದಲು 'ಆಲು' ಅಂದದ್ದು, ಎಲ್ಲಿಯೂ ನಿಲ್ಲದೆ ಓಡಿದ ವಾಕ್ಯ, ಎಲ್ಲ ಕಿವಿಗೆ ಬೀಳುತ್ತದೆ. ಆದರೆ ದಯವಿಟ್ಟು ಇಡೀ ಕ್ಲಾಸಿಗೆ ಹಾಕಬೇಡಿ. ಇಯರ್‌ಫೋನ್ ಕೊಟ್ಟು ಒಬ್ಬರಿಗೇ ಕೇಳಿಸಿ. ಒಮ್ಮೆ ನಗೆಪಾಟಲಾದ ಮಗು ವರ್ಷವಿಡೀ ಬಾಯಿ ಬಿಡುವುದಿಲ್ಲ.

ಪ್ರೊಜೆಕ್ಟರ್ ಇಲ್ಲವೇ? ಪುಟ್ಟ ಸ್ಪೀಕರಿನಲ್ಲಿ ಸದ್ದು ಕೇಳಿಸಿಯೇ ಬರೆಸಬಹುದು.

ಮುಂದಿನ ವಾರ ಅದೇ ವಿಡಿಯೋ ಇಟ್ಟುಕೊಂಡು ಪತ್ರ ಬರೆಸಿ. ರಸ್ತೆ ತುಂಬಾ ಬಿದ್ದ ಪ್ಲಾಸ್ಟಿಕ್ ಕವರಿನ ಬಗ್ಗೆ ಪತ್ರಿಕೆಯ ಸಂಪಾದಕರಿಗೆ ಬರೆಯಲಿ. ಆಮೇಲೆ ಎರಡೂ ಹಾಳೆ ಪಕ್ಕಪಕ್ಕ ಇಟ್ಟು, ಪ್ರಬಂಧದ ಯಾವ ಸಾಲು ಪತ್ರಕ್ಕೆ ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಅವರನ್ನೇ ಕೇಳಿ.