ಪರಿಹಾರ ಕೇಳುವುದನ್ನು ಬಿಟ್ಟ ಮೇಲೆ ಮುಗಿದ ಕಾದಂಬರಿ

ನನ್ನ ಮೊದಲ ಕಾದಂಬರಿ 6 ವರ್ಷ ಕರಡಿನಲ್ಲೇ ಕೊಳೆಯಲು ಕಾರಣ, ಬಂದ ಸಲಹೆಗಳನ್ನೆಲ್ಲ ನಾನು ಶ್ರದ್ಧೆಯಿಂದ ಪಾಲಿಸಿದ್ದು. ನಾಯಕಿಯ ಬಾಲ್ಯ ಬೇಕೆಂದು ಒಬ್ಬರು ಹೇಳಿದಾಗ ಸುಮಾರು 60 ಪುಟ ಬರೆದೆ. ಬಾಲ್ಯ ಎಳೆದಂತಾಯಿತು ಎಂದು ಇನ್ನೊಬ್ಬರು ಹೇಳಿದಾಗ ಅಷ್ಟನ್ನೂ ಕಿತ್ತೆಸೆದೆ. ಏಳನೆಯ ಕರಡಿನ ಹೊತ್ತಿಗೆ ಅದನ್ನು ಬರೆದವರು ಯಾರೆಂದು ಕೇಳಿದರೆ ನಾನೇ ತಡವರಿಸುವಂತಾಗಿತ್ತು.

ಹಣ ಕೊಟ್ಟರೆ ಸತ್ಯ ಸಿಗುತ್ತದೆ ಎಂಬ ನಂಬಿಕೆಯಿಂದ, ಹಸ್ತಪ್ರತಿ ಪರಿಶೀಲಿಸಿ ಕೊಡುವ ಇಬ್ಬರನ್ನು ಹಿಡಿದೆ. ಒಬ್ಬರಿಂದ 11 ಪುಟಗಳ ವರದಿ ಬಂತು. ಅದರಲ್ಲಿ ಎಂಟು ಪುಟ ಯಾವ ಕಾದಂಬರಿಗಾದರೂ ಹೊಂದುವ ಮಾತುಗಳು. ಉಳಿದ ಮೂರರಲ್ಲಿ, ಇದೇ ಕಥೆಯನ್ನು ತಾವಾಗಿದ್ದರೆ ಹೇಗೆ ಬರೆಯುತ್ತಿದ್ದರೆಂಬ ವಿವರಣೆ. ಇನ್ನೊಬ್ಬರು ಹೊಗಳಿದರು, ಅದು ಇನ್ನೂ ದುಬಾರಿಯಾಯಿತು. ಪ್ರತಿ ತೆಗೆಸಿದ ಖರ್ಚೂ ಸೇರಿ ಹತ್ತಿರ ಹತ್ತಿರ ಮೂರು ತಿಂಗಳ ಸಂಬಳ ನೀರಿನಲ್ಲಿ ಹೋಮವಾಯಿತು.

ಗುಂಪಿನಲ್ಲಿ ಓದಿಸುವುದನ್ನೂ ಬಿಡಲಿಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಆರಂಭವಾದ ಬರಹಗಾರರ ಕಾರ್ಯಾಗಾರದ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ, ಲೇಖಕ ತುಟಿ ಬಿಚ್ಚದೆ ಉಳಿದವರ ಮಾತು ಕೇಳಬೇಕೆಂಬ ಪದ್ಧತಿಯನ್ನು ಎಂಟು ತಿಂಗಳು ನಡೆಸಿದೆವು. ಮೊದಲು ಮಾತನಾಡಿದವರ ಧಾಟಿಯನ್ನೇ ಮಿಕ್ಕವರೂ ಹಿಡಿಯುತ್ತಿದ್ದುದರಿಂದ ಆರು ಜನರಿದ್ದರೂ ಸಿಗುತ್ತಿದ್ದುದು ಒಂದೇ ಅಭಿಪ್ರಾಯ. ಅನಂತರ ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ನಾಲ್ಕು ಹಂತಗಳ ಕ್ರಮವನ್ನು ಪ್ರಯತ್ನಿಸಿದೆವು. ಅದರಲ್ಲಿ ಮೂರನೆಯ ಹಂತದ ಪ್ರಶ್ನೆಗಳು ಅಭಿಪ್ರಾಯದ ಸೋಂಕಿಲ್ಲದೆ ಇರಬೇಕು, ಅಭಿಪ್ರಾಯ ಹೇಳುವುದಾದರೆ ಕೊನೆಯಲ್ಲಿ ಲೇಖಕನ ಅನುಮತಿ ಪಡೆದೇ ಹೇಳಬೇಕು. ನಮ್ಮವರು ಕೇಳುತ್ತಿದ್ದ ಪ್ರಶ್ನೆ, "ಇದನ್ನು ಇಷ್ಟು ಉದ್ದವಾಗಿ ಏಕೆ ಬರೆದಿದ್ದೀರಿ?" ಎಂಬುದು. ಆದರೂ ಓದುಗನಿಗೆ ಆದದ್ದು ಬೇರೆ, ಅದಕ್ಕೆ ಅವನು ಸೂಚಿಸುವ ಮದ್ದು ಬೇರೆ ಎಂಬ ತಿಳಿವಳಿಕೆ ನನಗೆ ಬಂದದ್ದು ಆ ಕೂಟಗಳಿಂದಲೇ.

ಆ ತಿಳಿವಳಿಕೆಯಿಂದ ಹೊರಟು ಮಾತನ್ನೇ ನಿಷೇಧಿಸಿದೆ. ಐದು ಜನರಿಗೆ ಮುದ್ರಿತ ಪ್ರತಿ ಮತ್ತು ಪೆನ್ಸಿಲ್ ಕೊಟ್ಟು, ಮನಸ್ಸು ಬೇರೆಡೆ ಹೋದಲ್ಲಿ ಗೆರೆ, ಹಿಂದಿನ ಪುಟಕ್ಕೆ ಮರಳಬೇಕಾದಲ್ಲಿ ಸೊನ್ನೆ, ನಂಬಿಕೆ ಬಾರದ ಕಡೆ ಕತ್ತರಿ ಗುರುತು ಹಾಕಿ, ಒಂದಕ್ಷರವನ್ನೂ ಬರೆಯಬೇಡಿ ಎಂದೆ. ಇದು ಕಾದಂಬರಿಯನ್ನು ಪ್ರೂಫ್ ತಿದ್ದಿಸುವ ಕೆಲಸವಾಯಿತೆಂದು ಲೇಖಕ ಗೆಳೆಯರು ನಕ್ಕರು. ಹಿಂದಿರುಗಿದ ಪ್ರತಿಗಳನ್ನು ಮೂರು ವಾರ ಕಟ್ಟಿಟ್ಟು, ಸಿಟ್ಟಿಗೆ ಕಾರಣವೇ ಉಳಿಯದ ಮೇಲೆ ಬಿಚ್ಚಿ, ಎಲ್ಲ ಗುರುತುಗಳನ್ನೂ ಐದು ಬಣ್ಣಗಳಲ್ಲಿ ಒಂದೇ ಪ್ರತಿಗೆ ಇಳಿಸಿಕೊಂಡೆ. ಒಂಟಿ ಗುರುತನ್ನು ಮುಟ್ಟುವುದಿಲ್ಲ. ಎರಡು ಪುಟಗಳ ಅಂತರದಲ್ಲಿ ಮೂರು ಬಣ್ಣ ಸೇರಿದರೆ ವಾದಿಸುವುದಿಲ್ಲ.

ಆದರೆ ಗುರುತು ಬಿದ್ದಲ್ಲೇ ದೋಷವಿರುವುದಿಲ್ಲ ಎಂಬುದನ್ನು ಕಲಿಯಲು ಮತ್ತೊಂದು ವರ್ಷ ಬೇಕಾಯಿತು. 112ನೆಯ ಪುಟದಲ್ಲಿ ತಮ್ಮನು ಪೆಟ್ಟಿಗೆ ತೆರೆದು ತಂದೆಯ ಪತ್ರ ಓದುವ ದೃಶ್ಯವಿತ್ತು, ಐವರಲ್ಲಿ ನಾಲ್ವರು ಅಲ್ಲಿ ಗೆರೆ ಎಳೆದಿದ್ದರು. ತಡೆಯಲಾರದೆ ನಿಯಮ ಮುರಿದು ವಿಚಾರಿಸಿದೆ. ಪತ್ರ ಉದ್ದವಾಯಿತೆಂದರು ಒಬ್ಬರು, ಸಾಲದೆಂದರು ಇನ್ನೊಬ್ಬರು, ತಮ್ಮ ಅಳಬೇಕಿತ್ತೆಂದರು ಮತ್ತೊಬ್ಬರು. ಪತ್ರವನ್ನು ಮೂರು ಸಲ ಹೊಸದಾಗಿ ಬರೆದರೂ ಹೊಸ ಓದುಗರ ಗೆರೆ ಅಲ್ಲೇ ಬಿತ್ತು. ಕೊನೆಗೆ ಕಾರಣ ಸಿಕ್ಕಿದ್ದು 97ನೆಯ ಪುಟದಲ್ಲಿ: ತಂದೆ ಮನೆಯನ್ನು ಎಂದೋ ಮಾರಿದ್ದನೆಂದು ಪಕ್ಕದ ಮನೆಯವನು ಮಾತಿನ ನಡುವೆ ಉಸುರಿಬಿಟ್ಟಿದ್ದ, ಹಾಗಾಗಿ ಪತ್ರ ತಿಳಿಸಬೇಕಾದದ್ದು ಓದುಗನಿಗೆ ಮೊದಲೇ ತಿಳಿದಿತ್ತು. ಆ ಒಂದು ವಾಕ್ಯವನ್ನು ತೆಗೆದು, ಪತ್ರವನ್ನು ಮೊದಲಿನ ರೂಪಕ್ಕೇ ತಂದೆ. ಮುಂದಿನ ಇಬ್ಬರು ಓದುಗರ ಪ್ರತಿಗಳಲ್ಲಿ ಆ ಪುಟ ಬಿಳಿಯಾಗಿಯೇ ಮರಳಿತು. ಈಗ ಗುರುತು ಕಂಡರೆ ಮೊದಲು ಹತ್ತಿಪ್ಪತ್ತು ಪುಟ ಹಿಂದಕ್ಕೆ ಹುಡುಕುತ್ತೇನೆ.

ನಡುವೆ ಓದುಗರಿಗೆ ಗೌರವಧನ ಕೊಟ್ಟು ನೋಡಿದೆ. ಪಡೆದ ಹಣಕ್ಕೆ ನ್ಯಾಯ ಒದಗಿಸಲೆಂದು ಅವರು ಪುಟಕ್ಕೊಂದು ಗುರುತು ಹಾಕಿದ್ದರಿಂದ ಅದನ್ನು ನಿಲ್ಲಿಸಿದೆ. ಬೇರೊಬ್ಬರಿಂದ ಗಟ್ಟಿಯಾಗಿ ಓದಿಸಿ ಅವರು ಎಡವಿದ ಕಡೆ ಗುರುತಿಸಿಕೊಂಡೆ. ವಾಕ್ಯಗಳ ತೊಡಕು ಸಿಕ್ಕಿತು, ಕಥೆಯ ತೊಡಕು ಸಿಗಲಿಲ್ಲ. ಆ ಐವರನ್ನು ಹೇಗೆ ಆರಿಸುತ್ತೇನೆ, ಪ್ರತಿ ಕೊಡುವಾಗ ಯಾವ ಒಂದು ಮಾತು ಹೇಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅಷ್ಟು ಸ್ವಾರ್ಥ ನನಗಿರಲಿ.

ಒಂಬತ್ತು ಪ್ರಕಾಶಕರು ಮರಳಿಸಿದ್ದ ಹಸ್ತಪ್ರತಿಯನ್ನು ಹತ್ತನೆಯವರು ಒಪ್ಪಿದರು, ಮೊದಲ ಮುದ್ರಣ ಹೆಚ್ಚುಕಡಿಮೆ 14 ತಿಂಗಳಲ್ಲಿ ಮಾರಾಟವಾಗಿ ಮುಗಿಯಿತು. ನಕ್ಕಿದ್ದ ಗೆಳೆಯರಲ್ಲಿ ಇಬ್ಬರು ಈಗ ಪೆನ್ಸಿಲ್ ಹಂಚುತ್ತಿದ್ದಾರೆ. ಅಚ್ಚಾದ ಮೇಲೆ ಬಂದ ಒಂದು ವಿಮರ್ಶೆ ಮಾತ್ರ ಕೊನೆಯ ಅಧ್ಯಾಯವನ್ನು ಕಟುವಾಗಿ ಟೀಕಿಸಿತ್ತು. ಎರಡು ದಿನ ಉರಿದುಕೊಂಡು, ಹಳೆಯ ಪ್ರತಿಯನ್ನು ತೆಗೆದು ನೋಡಿದೆ. ಆ ಅಧ್ಯಾಯದ ಎರಡನೆಯ ಪುಟದಲ್ಲಿ ಮೂರು ಬಣ್ಣಗಳ ಕತ್ತರಿ ಗುರುತುಗಳಿದ್ದವು. ಅವುಗಳ ಪಕ್ಕದಲ್ಲಿ, "ಇವರಿಗೆ ಅರ್ಥವಾಗಿಲ್ಲ" ಎಂದು ನನ್ನದೇ ಅಕ್ಷರದಲ್ಲಿ ಬರೆದಿತ್ತು.